ಸೀಮಂತದ ತಿಂಗಳ ಸೂಜಿ

2023ರಲ್ಲಿ ಮಗಳಿಗೆ ಏಳನೇ ತಿಂಗಳು ಎಂದು ತಿಳಿದಾಗ ಸೀರೆ, ಬಳೆ, ಹೂವು ಹೊತ್ತುಕೊಂಡು ನಾನೂ ನಮ್ಮ ಮನೆಯವರೂ ವಯನಾಡಿನ ಸುಲ್ತಾನ್ ಬತ್ತೇರಿಗೆ ಹೊರಟೆವು. ಅಳಿಯ ಅಲ್ಲಿ ಶುಂಠಿ ವ್ಯಾಪಾರಸ್ಥ. ಮೂಲ ಗುಂಡ್ಲುಪೇಟೆ ಕಡೆಯವರು. ನಾವು ಆಂಧ್ರದ ಅಂಚಿನವರು, ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ. ಸೀಮಂತ ಮುಗಿಸಿ ಮಗಳನ್ನು ತವರಿಗೆ ಕರೆತರುವುದು ನಮ್ಮ ಲೆಕ್ಕಾಚಾರ.

ಅಲ್ಲಿನ ಡಾಕ್ಟರಮ್ಮ ಬೇರೆ ಲೆಕ್ಕ ಹೇಳಿದರು. ಮಲಯಾಳದಲ್ಲಿ ಅಂದದ್ದನ್ನು ಅಳಿಯ ನಮಗೆ ಕನ್ನಡದಲ್ಲಿ ತಿಳಿಸಿದ: ‘ಇವಳ ರಕ್ತ ಬಿ ನೆಗೆಟಿವ್, ನನ್ನದು ಓ ಪಾಸಿಟಿವ್. 28ನೇ ವಾರಕ್ಕೆ ಒಂದು ಸೂಜಿ ಹಾಕಲೇಬೇಕಂತೆ ಮಾವ. ಅದು ಬರೋದು ಇದೇ ವಾರ.’

ನಮ್ಮ ಮನೆಯವರ ಮುಖ ಬಾಡಿತು. ‘ನೆಗೆಟಿವಂಟೆ ಮಂಚಿದೇ ಕದಾ?’ ಅಂತ ನನ್ನನ್ನು ಕೇಳಿದಳು. ಅವಳದೂ ತಪ್ಪಲ್ಲ. ಕೊರೋನಾ ಕಾಲದಲ್ಲಿ ನೆಗೆಟಿವ್ ಬಂದರೆ ದೇವರಿಗೆ ಕಾಯಿ ಒಡೆದಿದ್ದೆವಲ್ಲ! ಇಲ್ಲಿ ಆ ಮಾತಿಗೆ ಒಳ್ಳೆಯದು ಕೆಟ್ಟದು ಅಂತಿಲ್ಲ. ರಕ್ತಕಣದ ಮೇಲೆ ಆರ್‌ಎಚ್ ಡಿ ಎಂಬ ಒಂದು ಗುರುತು ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ನಮ್ಮ ದೇಶದಲ್ಲಿ 100ಕ್ಕೆ ಸುಮಾರು 5 ಮಂದಿ ನೆಗೆಟಿವ್. ಅವರ ಆರೋಗ್ಯಕ್ಕೆ ಅದರಿಂದ ಏನೂ ಕೊರತೆಯಿಲ್ಲ.

ತೊಡಕು ಬರುವುದು ಬಸುರಿನಲ್ಲಿ. ತಾಯಿ ನೆಗೆಟಿವ್ ಆಗಿ, ತಂದೆಯಿಂದ ಮಗುವಿಗೆ ಪಾಸಿಟಿವ್ ಬಂದರೆ, ಹೆರಿಗೆ ಹೊತ್ತಿಗೋ ಗರ್ಭ ಇಳಿದಾಗಲೋ ಮಗುವಿನ ರಕ್ತ ತಾಯಿಯ ರಕ್ತಕ್ಕೆ ಸೇರುತ್ತದೆ. ತಾಯಿಯ ಮೈ ಅದನ್ನು ಪರಕೀಯವೆಂದು ಬಗೆದು ಎದುರು ನಿಲ್ಲುವ ಕಣಗಳನ್ನು ತಯಾರಿಸಿಕೊಳ್ಳುತ್ತದೆ. ಮೊದಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗದು. ಮುಂದಿನ ಮಗು ಪಾಸಿಟಿವ್ ಆದರೆ ಅದರ ರಕ್ತಕಣಗಳನ್ನೇ ಅವು ಒಡೆಯುತ್ತವೆ. ರಕ್ತ ಇಳಿಯುತ್ತದೆ, ಕಾಮಾಲೆ ಏರುತ್ತದೆ, ಹೊಟ್ಟೆಯಲ್ಲೇ ಮಗು ಹೋಗುವುದೂ ಉಂಟು. ಹೊಲಕ್ಕೆ ಪಾರ್ಥೇನಿಯಂ ಬಿದ್ದ ಹಾಗೆ. ಬೀಜ ಉದುರುವುದಕ್ಕೆ ಮೊದಲು ಕಿತ್ತರೆ ಆಯಿತು, ಉದುರಿದ ಮೇಲೆ ಏನು ಕಿತ್ತರೂ ಮರುವರ್ಷ ಇದ್ದೇ ಇರುತ್ತದೆ. ಆ ಕಣಗಳು ಒಮ್ಮೆ ಹುಟ್ಟಿದವೆಂದರೆ ಈ ಸೂಜಿಯಿಂದ ಪ್ರಯೋಜನವಿಲ್ಲ.

ಇದನ್ನು ಕೇಳಿದಾಗ ನನ್ನ ಎದೆ ಧಸಕ್ಕೆಂದಿತು. 2021ರಲ್ಲಿ ಮಗಳು ನಮ್ಮಲ್ಲಿಗೆ ಬಂದಿದ್ದಾಗ ಮೂರು ತಿಂಗಳ ಗರ್ಭ ಇಳಿದು, ಆಸ್ಪತ್ರೆಯೊಂದರಲ್ಲಿ ಹೊಟ್ಟೆ ತೊಳೆಸಿದ್ದೆವು. ಊರಿನ ಹೆಸರು ಬೇಡ. ಅಂದು ರಕ್ತದ ಗುಂಪು ಯಾವುದೆಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಹುಟ್ಟದ ಮಗುವಿಗೆ ಎಂಥ ಗುಂಪು ಅಂದುಕೊಂಡಿದ್ದೆವು.

ಬೀಜ ಉದುರಿದೆಯೋ ಇಲ್ಲವೋ ತಿಳಿಯಲು ಐಸಿಟಿ ಎಂಬ ರಕ್ತಪರೀಕ್ಷೆ ಇದೆ. ಅದರ ಚೀಟಿ ಬರುವ ತನಕ ಆಸ್ಪತ್ರೆಯ ಬೆಂಚಿನ ಮೇಲೆ ಮೂವರೂ ಮಾತಿಲ್ಲದೆ ಕೂತಿದ್ದೆವು. ನರ್ಸಮ್ಮ ಚೀಟಿ ಹಿಡಿದು ಬಂದು ‘ನೆಗೆಟಿವ್, ಪೇಡಿಕ್ಕೇಂಡ’ ಅಂದಳು. ಹೆದರಬೇಡಿ ಅಂತ. ಕೊರೋನಾ ಕಳೆದ ಮೇಲೆ ಆ ಮಾತು ಸಿಹಿಯಾಗಿ ಕೇಳಿದ್ದು ಅಂದೇ. ಸಂಜೆಗೆ 300 ಮೈಕ್ರೋಗ್ರಾಂ ಆಂಟಿ-ಡಿ ಸೂಜಿ ಹಾಕಿದರು. ಮಾರನೇ ದಿನ ಬೀಗರ ಮನೆಯಲ್ಲೇ ಸೀಮಂತವಾಯಿತು.

ಈ ಸೂಜಿಯ ಕತೆಯೂ ದೊಡ್ಡದು. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲೂ ಅಮೆರಿಕದ ನ್ಯೂಯಾರ್ಕಿನಲ್ಲೂ ಎರಡು ವೈದ್ಯ ತಂಡಗಳು 1960ರ ದಶಕದಲ್ಲಿ ಬೇರೆ ಬೇರೆಯಾಗಿ ದುಡಿದು ಇದನ್ನು ಕಂಡುಕೊಂಡವು. 1968ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಮನುಷ್ಯರ ರಕ್ತದ ರಸದಿಂದ ತೆಗೆಯುವ ಔಷಧ ಇದು. ಆಸ್ಟ್ರೇಲಿಯದ ಜೇಮ್ಸ್ ಹ್ಯಾರಿಸನ್ ಎಂಬಾತ 2018ರಲ್ಲಿ ನಿಲ್ಲಿಸುವ ಹೊತ್ತಿಗೆ 1,173 ಬಾರಿ ದಾನ ಮಾಡಿದ್ದ. 2025ರ ಫೆಬ್ರವರಿಯಲ್ಲಿ 88ನೇ ವಯಸ್ಸಿಗೆ ತೀರಿಕೊಂಡ. ಅವನಿಗೆ ಸೂಜಿ ಚುಚ್ಚುವುದನ್ನು ನೋಡುವುದೇ ಆಗುತ್ತಿರಲಿಲ್ಲವಂತೆ!

ಹೆರಿಗೆಗೆ ತವರಿಗೆ ಕರೆದೊಯ್ಯುವ ಮಾತು ಮತ್ತೆ ಬಂತು. ಡಾಕ್ಟರಮ್ಮ ತಡೆಯಲಿಲ್ಲ, ಕಾಗದ ಬಿಟ್ಟು ಹೋಗಬೇಡಿ ಅಂದರು. ಸೂಜಿ ಬಿದ್ದ ಮೇಲೆ ಕೆಲವು ವಾರ ಐಸಿಟಿ ಮಾಡಿದರೆ ಪಾಸಿಟಿವ್ ತೋರಿಸಬಹುದು, ಅದು ಸೂಜಿಯದೇ ಗುರುತು. ಕಾಗದವಿಲ್ಲದೆ ಹೋದರೆ ಬೇರೆ ಡಾಕ್ಟರು ಕೆಟ್ಟುಹೋಯಿತೆಂದೇ ತಿಳಿದು, ಹೆರಿಗೆಯಾದ ಮೇಲಿನ ಸೂಜಿಯನ್ನು ಕೈಬಿಟ್ಟಾರು. ಗಡಿ ದಾಟಿ ಕೂಲಿಗೆ, ವ್ಯಾಪಾರಕ್ಕೆ, ಬಾಣಂತನಕ್ಕೆ ಓಡಾಡುವ ನಮ್ಮಂಥವರಲ್ಲಿ ಇದೇ ಭಯ. ಆ ರಾಜ್ಯದಲ್ಲಿ ಹಾಕಿರುತ್ತಾರೆಂದು ಇವರು, ಈ ರಾಜ್ಯದಲ್ಲಿ ಹಾಕುತ್ತಾರೆಂದು ಅವರು.

ಕೊನೆಗೆ ಹೆರಿಗೆ ಬತ್ತೇರಿಯಲ್ಲೇ ಎಂದು ನಾನೇ ಅಂದೆ. ಮಗು ಹುಟ್ಟಿದ 72 ಗಂಟೆಯೊಳಗೆ ಎರಡನೇ ಸೂಜಿ ಬೀಳಬೇಕು. 2 ರಿಂದ 8 ಡಿಗ್ರಿ ತಂಪಿನಲ್ಲಿಡುವ ಔಷಧ, ಎಲ್ಲ ಊರಲ್ಲೂ ದಾಸ್ತಾನಿರುವುದಿಲ್ಲ. ಖಾಸಗಿಯಲ್ಲಿ ಬೆಲೆ ಸಾವಿರಗಳಲ್ಲಿ. ಅರ್ಧ ದಾರಿಯಲ್ಲಿ ನೋವು ಬಂದರೆ? ಬಂಡೀಪುರದ ಕಾಡುರಸ್ತೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಬಂದ್. ಆಂಬ್ಯುಲೆನ್ಸು ಬಿಟ್ಟಾರು, ಐಸ್ ಡಬ್ಬಿ ಹಿಡಿದ ಮುದುಕನ ಬೈಕು ಬಿಟ್ಟಾರೆಯೇ? ತವರಿನ ಬದಲು ತಾಯಿಯೇ ಮಗಳ ಮನೆಗೆ ಹೋದಳು. ನೆಂಟರು ನಕ್ಕರು, ನಗಲಿ.

ಗಂಡುಮಗು. ಹೊಕ್ಕುಳಬಳ್ಳಿಯ ರಕ್ತ ನೋಡಿದರು: ಪಾಸಿಟಿವ್. ಮರುದಿನ ಬೆಳಿಗ್ಗೆಯೇ ಸೂಜಿ ಬಿತ್ತು. ಮಗು ನೆಗೆಟಿವ್ ಆಗಿದ್ದರೆ ಅದು ಬೇಕಿರಲಿಲ್ಲವಂತೆ.

ಮೂರನೇ ತಿಂಗಳಿಗೆ ಮಗಳು ಮಗುವಿನೊಡನೆ ಊರಿಗೆ ಬಂದಳು. ಸೂಜಿಯ ತಾರೀಕುಗಳಿರುವ ಕಾಗದದ ಒಂದು ನಕಲು ನಮ್ಮ ಟ್ರಂಕಿನಲ್ಲಿ ಪಹಣಿಯ ಜೊತೆ ಇದೆ, ಇನ್ನೊಂದು ಅವಳ ಕೈಚೀಲದಲ್ಲಿ. ಎರಡನೆಯದು ಯಾವಾಗ ಎಂದು ಬೀಗಿತ್ತಿ ಕೇಳತೊಡಗಿದ್ದಾರೆ.