ಉದುರುಹಣ್ಣು ಹೆಕ್ಕುವ ಕೈ

ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವ ಹಾದಿಯಲ್ಲಿ, ಬೇತ್ರಿಯ ಬಳಿ ಕಾವೇರಿಯನ್ನು ದಾಟುವುದಕ್ಕೆ ಮೊದಲೇ ಸಿಕ್ಕುವ ಮೂರ್ನಾಡಿನ ಸುತ್ತಲ ಕಾಫಿ ತೋಟಗಳಲ್ಲಿ ಮಾಘಮಾಸದ ಒಂದು ಸಾಯಂಕಾಲ ನಿಂತು ನೋಡಿದವರಿಗೆ, ಮನುಷ್ಯನು ಯಾವ ಪ್ರೇರಣೆಯಿಂದ ದುಡಿಯುತ್ತಾನೆಂಬ ಪ್ರಶ್ನೆಗೆ ಗ್ರಂಥಗಳಲ್ಲಿ ಸಿಕ್ಕುವುದಕ್ಕಿಂತ ಸ್ಪಷ್ಟವಾದ ಉತ್ತರ ಸಿಕ್ಕೀತು. ಬೆಳಗಿನಿಂದ ರೋಬಸ್ಟಾ ಗಿಡದ ಬುಡಕ್ಕೆ ಹಾಳೆ ಹಾಸಿ ಹಣ್ಣು ಕೊಯ್ದ ಹೆಂಗಸರು, ಎಲೆ ಕಡ್ಡಿಗಳನ್ನೂ ಹಸುರು ಕಾಯಿಗಳನ್ನೂ ಆರಿಸಿ ತೆಗೆದು, ಚೀಲದ ಬಾಯಿ ಕಟ್ಟಿ, ತಕ್ಕಡಿಯ ಎದುರು ಸಾಲಾಗಿ ನಿಲ್ಲುತ್ತಾರೆ. ರೈಟರು ತೂಕವನ್ನು ಕೂಗಿ ಪುಸ್ತಕಕ್ಕೆ ಬರೆದುಕೊಳ್ಳುವಾಗ ಚೀಲದೊಡತಿಯ ಕಣ್ಣು ತಕ್ಕಡಿಯ ಮುಳ್ಳಿನಲ್ಲೇ ನೆಟ್ಟಿರುತ್ತದೆ. ಮುಳ್ಳು ಅವಳಿಗೆ ಕಾಣುವಂತಿದ್ದರೆ ಮುಖದಲ್ಲಿ ನೆಮ್ಮದಿ. ರೈಟರ ಬೆನ್ನಿಗೆ ಮರೆಯಾಗಿದ್ದರೆ ಮೌನ. ಆ ಮೌನದ ಫಲ ಮರುದಿನದ ಕೊಯ್ಲಿನಲ್ಲಿ ಕಾಣುತ್ತದೆ.

ಕೊಯ್ಲಿನ ಕಾಲದಲ್ಲಿ ಅನೇಕ ತೋಟಗಳಲ್ಲಿ ಕೂಲಿಯನ್ನು ಕಿಲೋ ಲೆಕ್ಕದಲ್ಲಿ ಕೊಡುವುದು ವಾಡಿಕೆ. ಹೆಚ್ಚು ಕೊಯ್ದವರಿಗೆ ಹೆಚ್ಚು ಹಣವೆಂಬ ಈ ನ್ಯಾಯವು ಸರಳವಾದುದು. ಕೈಗೆ ವೇಗ ತರುವುದರಲ್ಲಿ ಇದನ್ನು ಮೀರಿಸುವ ಉಪಾಯವಿಲ್ಲ. ಆದರೆ ತಕ್ಕಡಿಗೆ ಹಣ್ಣೂ ಒಂದೇ, ಕಾಯಿಯೂ ಒಂದೇ. ತೂಕವೊಂದೇ ಗುರಿಯಾದಲ್ಲಿ ಕೈಯು ಕೊಂಬೆಯನ್ನು ಬುಡದಿಂದ ತುದಿಯವರೆಗೆ ಸವರಿ ಎಳೆಯುತ್ತದೆ. ಹಣ್ಣಿನೊಡನೆ ಕಾಯಿಯೂ ಎಲೆಯೂ ಬಂದುಬಿಡುತ್ತವೆ. ಇನ್ನು ನೆಲಕ್ಕುದುರಿದ ಹಣ್ಣಿನ ಮಾತು. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಾಣಿಸಿಕೊಂಡು ಆಮೇಲೆ ಕೊಡಗಿಗೂ ಹಬ್ಬಿದ ಕಾಯಿಕೊರಕ ಹುಳುವು, ಕೊಯ್ಲು ಮುಗಿದ ಮೇಲೆ ಇಂಥ ಉಳಿಕೆ ಹಣ್ಣುಗಳಲ್ಲಿಯೇ ಅಡಗಿದ್ದು ಮುಂದಿನ ಫಸಲಿಗೆ ಏರುತ್ತದೆ. ಆದುದರಿಂದ ಅವುಗಳನ್ನು ಒಂದೊಂದಾಗಿ ಹೆಕ್ಕಿ ತೆಗೆಯಲೇಬೇಕು. ದಿನವೆಲ್ಲ ಬಗ್ಗಿ ಹೆಕ್ಕಿದರೂ ಚೀಲ ತುಂಬದ ಈ ಕೆಲಸಕ್ಕೆ ಕಿಲೋ ಲೆಕ್ಕದ ಕೂಲಿಯು ಪ್ರೇರಣೆಯಾಗುವುದೆಂತು? ಒಣಗಿದೆಲೆಯ ಅಡಿಯಲ್ಲಿ ಅವಿತ ಆ ಒಂದು ಕಪ್ಪು ಹಣ್ಣನ್ನು, ಮೇಸ್ತ್ರಿಯ ಕಣ್ಣಿಲ್ಲದಾಗಲೂ, ಬಿಡದೆ ಎತ್ತುವವಳು ಕೆಲಸದ ಕಾರಣವನ್ನು ಬಲ್ಲವಳು.

ಈ ವಿಷಯವನ್ನು ಪಾಶ್ಚಾತ್ಯ ವಿದ್ವಾಂಸರು ಬಹುಕಾಲ ಪರೀಕ್ಷಿಸಿದ್ದಾರೆ. ಶಿಕಾಗೋ ಸಮೀಪದ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಪ್ರಯೋಗಗಳಿಂದ, ತಮ್ಮನ್ನು ಗಮನಿಸಿ ಆದರಿಸುವವರಿದ್ದಾರೆಂಬ ಭಾವನೆಯೇ ಕೆಲಸವನ್ನು ಹೆಚ್ಚಿಸುತ್ತದೆಂದು ಎಲ್ಟನ್ ಮೇಯೋ ಮೊದಲಾದವರು ಅಭಿಪ್ರಾಯಪಟ್ಟರು. ಆ ನಿರ್ಣಯವನ್ನು ಅನಂತರದ ಪಂಡಿತರು ಪ್ರಶ್ನಿಸಿದ್ದೂ ಉಂಟು. ನನಗೆ ಹೆಚ್ಚು ಒಪ್ಪಿಗೆಯಾದುದು ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಮಂಡಿಸಿದ ವಿಚಾರ. ಪಿಟ್ಸ್‌ಬರ್ಗಿನ ಸುಮಾರು 200 ಮಂದಿ ಇಂಜಿನಿಯರುಗಳನ್ನೂ ಲೆಕ್ಕಿಗರನ್ನೂ ವಿಚಾರಿಸಿ ಅವರು ಕಂಡುಕೊಂಡದ್ದೆಂದರೆ, ಸಂಬಳ, ಕೆಲಸದ ಪರಿಸ್ಥಿತಿ, ಮೇಲಧಿಕಾರಿಯ ನಡತೆ ಇವು ಕೆಟ್ಟರೆ ಅಸಮಾಧಾನ ಹುಟ್ಟುತ್ತದೆ, ಸರಿಯಿದ್ದರೆ ಆ ಅಸಮಾಧಾನ ಇಲ್ಲವಾಗುತ್ತದೆ. ಉತ್ಸಾಹ ಹುಟ್ಟುವುದಾದರೋ ಸಾಧಿಸಿದೆನೆಂಬ ತೃಪ್ತಿ, ಮೆಚ್ಚುಗೆ, ಹೊಣೆಗಾರಿಕೆ ಇವುಗಳಿಂದ.

ಇದನ್ನು ಹಿಡಿದುಕೊಂಡು, ಹೊಗಳಿಕೆಯೊಂದಿದ್ದರೆ ಸಾಕು, ಕೂಲಿ ಕಡಿಮೆಯಾದರೂ ಚಿಂತೆಯಿಲ್ಲವೆಂದು ಯಾರಾದರೂ ಭಾವಿಸಿದರೆ ಅದು ಮಹಾಪರಾಧ. ತೋಟದ ಕಾರ್ಮಿಕರಿಗೆ ವಸತಿ, ಕುಡಿಯುವ ನೀರು, ವೈದ್ಯೋಪಚಾರಗಳನ್ನು ಮಾಲೀಕನು ಒದಗಿಸಬೇಕೆಂದೂ, 50 ಅಥವಾ ಅದಕ್ಕೂ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುವಿಹಾರವಿರಬೇಕೆಂದೂ 1951ರ ತೋಟ ಕಾರ್ಮಿಕರ ಕಾಯಿದೆಯು ವಿಧಿಸಿತು. ಆಷಾಢದ ಮಳೆಯಲ್ಲಿ ಲೈನ್‌ಮನೆಯ ಮಾಡು ಸೋರಿ, ಮಗುವನ್ನು ರಾತ್ರಿಯೆಲ್ಲ ಮಡಿಲಲ್ಲಿಟ್ಟುಕೊಂಡು ಕುಳಿತ ತಾಯಿಗೆ ಬೆಳಿಗ್ಗೆ ಯಾವ ಮೆಚ್ಚುಗೆಯ ಮಾತು ರುಚಿಸೀತು? ಮುಂಗಡದ ಸಾಲದಿಂದ ತೋಟಕ್ಕೆ ಕಟ್ಟುಬಿದ್ದವನಲ್ಲಿ ಉತ್ಸಾಹವನ್ನು ಅಪೇಕ್ಷಿಸುವುದಂತೂ ಅನ್ಯಾಯ. ಜೀತವನ್ನು 1976ರಲ್ಲಿಯೇ ಕಾನೂನು ರದ್ದುಮಾಡಿದೆ. ಅಸ್ಸಾಮಿನಿಂದ ರೈಲು ಹತ್ತಿ ಬಂದು ಈಗ ನಮ್ಮ ತೋಟಗಳಲ್ಲಿ ದುಡಿಯುತ್ತಿರುವವರ ಹೆಸರನ್ನು ನೆನಪಿಟ್ಟು ಕರೆಯುವ ಮಾಲೀಕರೂ ಉಂಟು, ತಲೆಯೆಣಿಸಿ ಲೆಕ್ಕ ಹಾಕುವವರೂ ಉಂಟು. ಇಬ್ಬರ ತೋಟದಲ್ಲೂ ನಡೆದು ನೋಡಿದರೆ ವ್ಯತ್ಯಾಸವು ಗಿಡದ ಬುಡದಲ್ಲಿಯೇ ಬಿದ್ದಿರುತ್ತದೆ.

ಮೂರ್ನಾಡಿನ ಬೆಳೆಗಾರರಲ್ಲಿ ನನ್ನ ಬಿನ್ನಹವಿಷ್ಟು: ಈ ಸಲ ತಕ್ಕಡಿಯ ಮುಳ್ಳನ್ನು ಕೊಯ್ದವಳ ಕಡೆಗೆ ತಿರುಗಿಸಿರಿ, ಉದುರುಹಣ್ಣು ಹೆಕ್ಕುವ ದಿನಗಳಿಗೆ ಪೂರ್ತಿ ದಿನಗೂಲಿ ಕೊಡಿರಿ, ಕೊರಕ ಹೊಕ್ಕ ಹಣ್ಣೊಂದನ್ನು ಒಡೆದು ಅವಳ ಅಂಗೈಯಲ್ಲಿಟ್ಟು, ಒಳಗಿನ ಹುಳುವನ್ನು ತೋರಿಸಿರಿ.