ದೋಣಿಯ ಬಿರಡೆ

ಸಣ್ಣ ಫೈಬರ್ ದೋಣಿಗಳ ಹಿಂಬದಿಯಲ್ಲಿ, ತಳಕ್ಕೆ ತಾಗಿ, ಒಂದು ರಂಧ್ರವಿರುವುದುಂಟು. ದೋಣಿಯನ್ನು ದಡಕ್ಕೆಳೆದಾಗ ಒಳಗಿನ ನೀರು ಹರಿದುಹೋಗಲೆಂದು ಇರಿಸಿದ ದಾರಿಯದು. ನೀರಿಗಿಳಿಸುವ ಮುನ್ನ ಅದನ್ನು ಬಿರಡೆಯಿಂದ ಮುಚ್ಚತಕ್ಕದ್ದು.

ಈ ಚಿಕ್ಕ ಬಿರಡೆ ಕಳೆದುಹೋದರೆ ಆಗುವ ಅನರ್ಥವು ಚಿಕ್ಕದಲ್ಲ. 25 ಮಿಲಿಮೀಟರ್ ವ್ಯಾಸದ ರಂಧ್ರವು ನೀರಿನ ಮಟ್ಟಕ್ಕಿಂತ 20 ಸೆಂಟಿಮೀಟರ್ ಕೆಳಗಿದ್ದರೆ, ನಿಮಿಷಕ್ಕೆ ಸುಮಾರು 35 ಲೀಟರ್ ನೀರು ಒಳನುಗ್ಗುವುದು. ಎರಡೇ ನಿಮಿಷಗಳಲ್ಲಿ ಇನ್ನೊಬ್ಬ ಆಳು ದೋಣಿಯನ್ನೇರಿದಷ್ಟು ಭಾರವಾಯಿತು!

ನಡುಹೊಳೆಯಲ್ಲಿ ಹೀಗಾದರೆ, ಮೆದುಮರದ ಚೂಪಾದ ಬೆಣೆಗೆ ಬಟ್ಟೆ ಸುತ್ತಿ ರಂಧ್ರಕ್ಕೆ ಬಿಗಿಯಾಗಿ ಬಡಿದು, ನೀರನ್ನು ಮೊಗೆದು ಚೆಲ್ಲುತ್ತ ನೇರವಾಗಿ ದಡ ಸೇರಬೇಕು. ನೆನೆದ ಮರವು ಉಬ್ಬಿ ರಂಧ್ರವನ್ನು ಹಿಡಿದುಕೊಳ್ಳುವುದು. ಆದರೆ ಇದು ದಡ ಸೇರುವವರೆಗಿನ ಉಪಾಯ ಮಾತ್ರ.

ಹೊಸ ಬಿರಡೆಯನ್ನು ಅಂದಾಜಿನಿಂದ ಕೊಳ್ಳಲಾಗದು. ರಂಧ್ರದ ಒಳವ್ಯಾಸವನ್ನೂ, ತಿರುಪು ಇದ್ದರೆ ಅದರ ಸುತ್ತುಗಳ ಅಂತರವನ್ನೂ ಅಳೆಯಬೇಕು. ತಿರುಪಿಲ್ಲದ ರಂಧ್ರಕ್ಕೆ ರಬ್ಬರಿನ ಬಿರಡೆ ಯೋಗ್ಯ. ಕೂಡಿಸಿದ ಬಳಿಕ, ದೋಣಿಯು ದಡದಲ್ಲಿರುವಾಗಲೇ ಒಳಗೆ ಕೆಲವು ಕೊಡ ನೀರು ಸುರಿದು, ಹೊರಗೆ ತೊಟ್ಟಿಕ್ಕುವುದೋ ಎಂದು ಪರೀಕ್ಷಿಸಿರಿ. ಬಿರಡೆಯನ್ನು ದಾರದಿಂದ ದೋಣಿಗೆ ಕಟ್ಟಿರಿ, ಹೆಚ್ಚಿನದೊಂದನ್ನು ಜೊತೆಯಲ್ಲಿರಿಸಿಕೊಳ್ಳಿರಿ.

ಚಂದ್ರಗಿರಿಯಂತಹ ಹೊಳೆಗಳ ದಡದಲ್ಲಿ ಬೆಳೆಯುವ ವಿದ್ಯಾರ್ಥಿಗಳೇ, ದೋಣಿಯನ್ನು ನೀರಿಗೆ ತಳ್ಳುವ ಮೊದಲು ಒಮ್ಮೆ ಬಗ್ಗಿ ಆ ಬಿರಡೆಯನ್ನು ಕೈಯಿಂದ ಮುಟ್ಟಿ ನೋಡಿರಿ. ಅರೆನಿಮಿಷದ ಈ ಎಚ್ಚರಿಕೆಯು ದೋಣಿಯಲ್ಲಿರುವವರೆಲ್ಲರ ಪ್ರಾಣವನ್ನು ಕಾಯುವುದು.