ಡೀಸೆಲ್ಲೋ, ಪೆಟ್ರೋಲೋ? ಹಳೇ ಗಾಡಿ ಕೊಳ್ಳುವ ಮುಂಚೆ

ತೊಗರಿಯ ದುಡ್ಡು ಕೈಗೆ ಬಂತೆಂದರೆ, ಲಿಂಬೆಗೆ ಒಳ್ಳೆ ದರ ಸಿಕ್ಕಿತೆಂದರೆ ಇಂಡಿ, ಸಿಂದಗಿಯ ಮನೆಗಳಲ್ಲಿ ಈಗ ಏಳುವ ಮೊದಲ ಮಾತು ಗಾಡಿಯದು. ಹೊಸದಕ್ಕೆ ಹತ್ತು ಹನ್ನೆರಡು ಲಕ್ಷ ಎಲ್ಲಿಂದ ತರುವುದು? ‘ಸೆಕೆಂಡ್ ಹ್ಯಾಂಡ್ ದೊಡ್ಡ ಗಾಡಿ ಒಂದು ಛಲೋದು ಬಂದೈತಂತ, ನೋಡಿ ಬರ್ತೀನಿ’ ಎಂದು ಯಜಮಾನರು ಹೊರಡುತ್ತಾರೆ. ನೀವು ಚಹಾ ಕೊಟ್ಟು ಸುಮ್ಮನಾಗುತ್ತೀರಿ. ಇಂಜಿನ್ನಿನ ಮಾತು ನಮಗೇನು ತಿಳಿದೀತು ಎಂಬ ಸಂಕೋಚ. ಆದರೆ ಸೋದರಿ, ಆ ಐದಾರು ಲಕ್ಷದಲ್ಲಿ ಮಗಳ ಕಾಲೇಜಿನ ಫೀಸೂ ಇದೆ, ಬ್ಯಾಂಕಿನಲ್ಲಿ ಅಡವಿಟ್ಟ ನಿಮ್ಮ ಪಾಟಲಿಯೂ ಇದೆ. ಈ ಮಾತಿಗೆ ನೀವೂ ಕೂಡಲೇಬೇಕು.

ಹಳೇ ಗಾಡಿಗಳ ಪೇಟೆಯಲ್ಲಿ ಕಾಣುವ ಮಧ್ಯಮ ಗಾತ್ರದ ಎರಡನ್ನೇ ಹಿಡಿಯೋಣ. ಒಂದು ಡೀಸೆಲ್ಲಿನ ರೆನೋ ಡಸ್ಟರ್. ನಮ್ಮ ದೇಶಕ್ಕೆ ಬಂದದ್ದು 2012ರಲ್ಲಿ. ಇನ್ನೊಂದು ಪೆಟ್ರೋಲಿನ ಹ್ಯುಂಡೈ ಕ್ರೆಟಾ, ಬಂದದ್ದು 2015ರಲ್ಲಿ. ಎರಡೂ ಐದು ಜನ ಕೂಡುವ ಎತ್ತರದ ಗಾಡಿಗಳೇ. ಲೀಟರಿಗೆ ಎಷ್ಟು ಓಡುತ್ತದೆ ಎಂಬಲ್ಲಿ ಡಸ್ಟರ್ ಸುಮಾರು 19 ಕಿ.ಮೀ., ಕ್ರೆಟಾ ಸುಮಾರು 15 ಕಿ.ಮೀ. ಎಂದು ಕಂಪನಿಯ ಲೆಕ್ಕ. ಅದು ಪರೀಕ್ಷೆಯ ಲೆಕ್ಕ. ನಮ್ಮ ಬಿಸಿಲಿನಲ್ಲಿ ಎ.ಸಿ. ಹಾಕಿ, ಹಿಂದೆ ಜೋಳದ ಚೀಲ ಹೇರಿದ ಮೇಲೆ 16 ಮತ್ತು 12 ಎಂದು ಹಿಡಿಯುವುದೇ ವಾಸಿ.

ಈಗ ಪೆಟ್ರೋಲು ಲೀಟರಿಗೆ 103 ರೂಪಾಯಿ, ಡೀಸೆಲ್ಲು 91 ಎಂದಿಟ್ಟುಕೊಳ್ಳಿ. (ನಿಮ್ಮೂರ ಬಂಕಿನ ದರ ಹಾಕಿ ನೀವೇ ಮತ್ತೊಮ್ಮೆ ಮಾಡಿ ನೋಡಿ.) ಪೆಟ್ರೋಲ್ ಗಾಡಿಗೆ ಕಿ.ಮೀ.ಗೆ ಎಂಟೂವರೆ ರೂಪಾಯಿಯ ಮೇಲೆ, ಡೀಸೆಲ್ಲಿಗೆ ಐದೂ ಮುಕ್ಕಾಲಿನ ಒಳಗೆ. ವ್ಯತ್ಯಾಸ ಮೂರು ರೂಪಾಯಿಯ ಹತ್ತಿರ. ‘ನೋಡಿದ್ರ್ಯಾ, ಡೀಸೆಲ್ಲೇ ಅಗ್ಗ’ ಎಂದು ಮಾರುವವನು ಇಲ್ಲಿಗೇ ನಿಲ್ಲಿಸುತ್ತಾನೆ. ನೀವು ನಿಲ್ಲಬೇಡಿ. ಡೀಸೆಲ್ ಗಾಡಿಗೆ ಅವನು 80,000 ಹೆಚ್ಚು ಕೇಳಿದನೆನ್ನಿ. ತಿಂಗಳಿಗೆ 500 ಕಿ.ಮೀ. ಓಡಿಸುವ ಮನೆಗೆ ವರ್ಷಕ್ಕೆ ಉಳಿಯುವುದು 17,000 ಚಿಲ್ಲರೆ. ಆ ಹೆಚ್ಚಿನ ದುಡ್ಡು ತಿರುಗಿ ಬರಲು ನಾಲ್ಕೂವರೆ ವರ್ಷ ಬೇಕು. ಅಷ್ಟರಲ್ಲಿ ಗಾಡಿಯೇ ಮುದಿಯಾಗಿರುತ್ತದೆ! ಅದೇ ತಿಂಗಳಿಗೆ 1,500 ಕಿ.ಮೀ. ಓಡಿಸುವವರಿಗೆ ಒಂದೂವರೆ ವರ್ಷದಲ್ಲಿ ಬಂದುಬಿಡುತ್ತದೆ.

ಹಾಗಾದರೆ ನಿಮ್ಮ ಮನೆ ಎಷ್ಟು ಓಡುತ್ತದೆ? ಇದಕ್ಕೆ ಮೆಕ್ಯಾನಿಕ್ ಉತ್ತರ ಹೇಳಲಾರ, ನೀವು ಹೇಳಬಲ್ಲಿರಿ. ಖರ್ಚಿನ ವಹಿ ತೆಗೆಯಿರಿ. ಕಳೆದ ಆರು ತಿಂಗಳಲ್ಲಿ ಎಷ್ಟು ಸಲ ವಿಜಯಪುರದ ದವಾಖಾನೆಗೆ ಹೋದಿರಿ, ಎಷ್ಟು ಮದುವೆ, ಎಷ್ಟು ಜಾತ್ರೆ, ತವರಿಗೆ ಎಷ್ಟು ಸಲ? ಮುದ್ದೇಬಿಹಾಳದಿಂದ ವಿಜಯಪುರಕ್ಕೆ ಹೋಗಿ ಬಂದರೆ 160 ಕಿ.ಮೀ. ಹತ್ತಿರ, ಬಸವನ ಬಾಗೇವಾಡಿಯವರಿಗೆ ಅದರ ಅರ್ಧವೆನ್ನಿ. ತಿಂಗಳಿಗೆ ಎರಡು ಮೂರು ಸಲ ಅಷ್ಟೆ, ಉಳಿದದ್ದು ಶಾಲೆ, ಸಂತೆ, ಗುಡಿ ಎನ್ನುವ ಮನೆಗೆ ಪೆಟ್ರೋಲೇ ಸಾಕು. ವಾರಕ್ಕೆರಡು ಸಲ ಸರಕು ತರಲು ಸೊಲ್ಲಾಪುರಕ್ಕೆ ಹೋಗುವ ಇಂಡಿಯ ವ್ಯಾಪಾರಸ್ಥರ ಮನೆ ಬೇರೆ. ಅವರು ಡೀಸೆಲ್ ನೋಡಲಿ.

ಇನ್ನೊಂದು ಮಾತು. ಡೀಸೆಲ್ ಇಂಜಿನ್ನು ಕಾಯ್ದು ದೂರ ಓಡಬೇಕು. ದಿನಾ ಎರಡು ಕಿ.ಮೀ. ಓಡಿಸಿ ನಿಲ್ಲಿಸಿದರೆ ಒಳಗೆ ಮಸಿ ಕಟ್ಟುತ್ತದೆ, ಹಸಿ ಕಟ್ಟಿಗೆಯ ಒಲೆಯ ಹಾಗೆ. 2020ರ ಏಪ್ರಿಲ್ ನಂತರದ ಡೀಸೆಲ್ ಗಾಡಿಗಳಲ್ಲಿ ಆ ಮಸಿ ಹಿಡಿಯುವ ಜಾಲರಿಯೂ ಇರುವುದರಿಂದ ಈ ತೊಂದರೆ ಇನ್ನೂ ಜಾಸ್ತಿ. ಟರ್ಬೊ, ಇಂಜೆಕ್ಟರ್ ಕೆಟ್ಟರೆ ಹತ್ತಾರು ಸಾವಿರದ ಮಾತು. ಡಸ್ಟರ್ ಡೀಸೆಲ್ಲಿನಲ್ಲಿ ಟೈಮಿಂಗ್ ಬೆಲ್ಟ್ ಎಂಬುದೊಂದಿದೆ. ಅದನ್ನು ಬದಲಿಸಿದ ಬಿಲ್ ಎಲ್ಲಿ ಎಂದು ಕೇಳಿ. ಬಿಲ್ ಇಲ್ಲದಿದ್ದರೆ ಹೊಸ ಬೆಲ್ಟಿನ ಖರ್ಚನ್ನು ದರದಲ್ಲಿ ಕಳೆಯಿರಿ. ಓಡುವಾಗ ಅದು ಹರಿದರೆ ಇಂಜಿನ್ನೇ ಹೋಯಿತು. ಕ್ರೆಟಾ ಪೆಟ್ರೋಲಿಗೆ ಬೆಲ್ಟಿನ ಬದಲು ಸರಪಳಿ, ಅಷ್ಟು ಚಿಂತೆಯಿಲ್ಲ.

ಪೆಟ್ರೋಲಿಗೂ ಅದರದೇ ಕಾಟ ಇದೆ. 2025ರಿಂದ ಬಂಕಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬರುತ್ತಿದೆ (ನಮ್ಮ ಕಬ್ಬಿನದೂ ಅದರಲ್ಲಿ ಪಾಲು!). ಮೈಲೇಜು ಸ್ವಲ್ಪ ಇಳಿಯುತ್ತದೆ. 2023ರ ಮುಂಚಿನ ಗಾಡಿಯಾದರೆ ಇಂಧನದ ರಬ್ಬರ್ ಪೈಪುಗಳನ್ನು ಮೆಕ್ಯಾನಿಕ್ ಒಮ್ಮೆ ನೋಡಲಿ.

ಎತ್ತರದಲ್ಲಿ ಡಸ್ಟರ್ ಮುಂದು: ನೆಲದಿಂದ 205 ಮಿ.ಮೀ., ಕ್ರೆಟಾ 190. ಹೊಲದ ದಾರಿಗೆ ಇದು ಅನುಕೂಲ. ಆದರೆ ಮಳೆ ಬಿದ್ದ ಎರಿ ಮಣ್ಣಿನಲ್ಲಿ ಎರಡೂ ಹೂತುಕೊಳ್ಳುತ್ತವೆ, ಆ ಭ್ರಮೆ ಬೇಡ. ನೋಡಲು ಹೋಗುವಾಗ ಅತ್ತೆಯವರನ್ನೂ ಕರೆದೊಯ್ಯಿರಿ. ಮೊಣಕಾಲು ನೋವಿನವರು ಸೀರೆ ಎತ್ತಿ ಹಿಡಿದು ಹತ್ತಿ ಇಳಿಯಬಲ್ಲರೇ ಎಂಬುದು ಯಾವ ಜಾಹೀರಾತಿನಲ್ಲೂ ಬರುವುದಿಲ್ಲ.

ಬೆಳಿಗ್ಗೆ ಬೇಗ, ಇಂಜಿನ್ನು ತಣ್ಣಗಿರುವಾಗಲೇ ಹೋಗಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನಿಸಿ. ಮೀಟರು 40,000 ತೋರಿಸಿ ಪೆಡಲಿನ ರಬ್ಬರು ನುಣ್ಣಗೆ ಸವೆದಿದ್ದರೆ ಮೀಟರನ್ನು ತಿರುಗಿಸಿದ್ದಾರೆ ಎಂದೇ ತಿಳಿಯಿರಿ. ಸರ್ವಿಸ್ ಪುಸ್ತಕ ಕೇಳಿ. ಡಿಕ್ಕಿಯ ಹಾಸು ಎತ್ತಿ ಮೂಸಿ ನೋಡಿ. ನೀರಲ್ಲಿ ಮುಳುಗಿ ಬಂದ ಗಾಡಿಗೆ ಒಂದು ಮುಗ್ಗಲು ವಾಸನೆ, ಕಾಳಿನ ಡಬ್ಬಿ ಮೂಸಿದ ನಿಮಗೆ ಅದು ಬೇಗ ಗೊತ್ತಾದೀತು.

ಕಾಗದದ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಬೇಡ. ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ ಮತ್ತು 35ನೇ ನಮೂನೆ ಬೇಕು. ಹೆಸರು ಬದಲಿಸಲು 29 ಮತ್ತು 30ನೇ ನಮೂನೆಗಳು. ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿನ ಎನ್.ಒ.ಸಿ., ಮೇಲೆ ನಮ್ಮ ರಾಜ್ಯದ ತೆರಿಗೆ. 2018ರಲ್ಲಿ ಸುಪ್ರೀಂ ಕೋರ್ಟು ದೆಹಲಿ ಸುತ್ತಲ ಪ್ರದೇಶದಲ್ಲಿ 10 ವರ್ಷ ಮೀರಿದ ಡೀಸೆಲ್ ಗಾಡಿಗಳಿಗೆ ತಡೆ ಹಾಕಿದ ಮೇಲೆ ಅಲ್ಲಿಯ ಹಳೇ ಗಾಡಿಗಳು ಅಗ್ಗಕ್ಕೆ ಹೊರಬಿದ್ದವು. ದರ ನೋಡಿ ಮರುಳಾಗುವ ಮೊದಲು ತೆರಿಗೆ ಎಷ್ಟೆಂದು ವಿಜಯಪುರದ ಆರ್.ಟಿ.ಓ. ಕಚೇರಿಯಲ್ಲಿ ಕೇಳಿಬನ್ನಿ. ಹೆಸರು ಬದಲಾದ 14 ದಿನದೊಳಗೆ ವಿಮೆಯನ್ನೂ ಬದಲಿಸಲು ಅರ್ಜಿ ಕೊಡಬೇಕು.

ಆ ಆರ್.ಸಿ.ಯ ಮೇಲೆ ಯಾರ ಹೆಸರು? ಪಾಟಲಿ ನಿಮ್ಮದಾದರೆ ಹೆಸರೂ ನಿಮ್ಮದೇ ಬರಲಿ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಅದನ್ನು ಮುಂಗಡ ಕೊಡುವ ಮೊದಲೇ ಕೇಳಿ.